ಸಹಿಯಿಲ್ಲದ ಸಪ್ತಪದಿ

ಇಂಗ್ಲೆಂಡಿನಲ್ಲಿ ಹೋಟೆಲಿನ ಹಾಲ್ ಹಿಡಿದು, ಪುರೋಹಿತರನ್ನು ಕರೆಸಿ, ಅಗ್ನಿಸಾಕ್ಷಿಯಾಗಿ ತಾಳಿ ಕಟ್ಟಿಸಿ, ನೆಂಟರಿಗೆಲ್ಲ ಊಟ ಹಾಕಿಸಿದರೆ ಮದುವೆ ಆದಂತೆಯೇ ಎಂದು ನಂಬಿರುವ ಮನೆಗಳು ಇವತ್ತಿಗೂ ಇವೆ. ಅಂಥವರಿಗೆ ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಆ ದೇಶದ ಕಾನೂನಿನ ಪಾಲಿಗೆ ಅಂದು ಅಲ್ಲಿ ಏನೂ ನಡೆದಿಲ್ಲ. ಅವಳು ಹೆಂಡತಿಯಾಗಿಲ್ಲ, ಅವನು ಗಂಡನಾಗಿಲ್ಲ. ನಾಳೆ ಅವಳು ವಿಚ್ಛೇದನ ಕೇಳಿ ಕೋರ್ಟಿಗೆ ಹೋದರೆ, ಮುರಿಯಲು ಮದುವೆಯೇ ಇಲ್ಲವೆಂದು ವಾಪಸು ಕಳಿಸುತ್ತಾರೆ. ಮನೆಯಲ್ಲೋ ರೆಸ್ಟೋರೆಂಟಿನಲ್ಲೋ ನಿಖಾ ಮಾತ್ರ ಮಾಡಿಕೊಂಡವರ ಪಾಡೂ ಇದೇ.

ಈ ಸಂಗತಿ ಗುಟ್ಟೇನಲ್ಲ. ಮದುವೆ ಮಾಡಿಸುವ ಇಮಾಮರಿಗೆ, ಪುರೋಹಿತರಿಗೆ ಗೊತ್ತು. ಹಾಲ್ ಬಾಡಿಗೆಗೆ ಕೊಟ್ಟವನಿಗೆ ಗೊತ್ತು. ಬಹಳ ಸಲ ವರನಿಗೂ ಗೊತ್ತು. ಗೊತ್ತಿದ್ದೂ ಎಲ್ಲರೂ ಸೇರಿ ಹೇಳುವುದು ಒಂದೇ ಮಾತು: "ರಿಜಿಸ್ಟ್ರೇಷನ್ ಆಮೇಲೆ ಮಾಡಿಸಿದರಾಯಿತು ಬಿಡಿ." ಆ ಆಮೇಲೆ ಎಂಬುದು ಹದಿನೆಂಟು ವರ್ಷವಾದರೂ ಬಾರದ ಮನೆಯೊಂದರ ಕಥೆ ಇಂಗ್ಲೆಂಡಿನ ಕಾನೂನು ವರದಿಗಳಲ್ಲಿ ಅಚ್ಚಾಗಿ ಕೂತಿದೆ.

1998ರ ಡಿಸೆಂಬರ್. ಪಶ್ಚಿಮ ಲಂಡನ್ನಿನ ಸೌತ್‌ಹಾಲ್‌ನ ಒಂದು ರೆಸ್ಟೋರೆಂಟ್. ಸುಮಾರು 150 ಅತಿಥಿಗಳ ಎದುರಿಗೆ ಇಮಾಮರು ನಿಖಾ ನೆರವೇರಿಸಿದರು. ಇದಾದ ಮೇಲೆ ಕಾನೂನಿನ ಮದುವೆಯನ್ನೂ ಮಾಡಿಕೊಳ್ಳಬೇಕು ಎಂಬುದು ಗಂಡು ಹೆಣ್ಣು ಇಬ್ಬರಿಗೂ ತಿಳಿದಿತ್ತು. ಆಕೆ ಆ ಮಾತನ್ನು ಮತ್ತೆ ಮತ್ತೆ ಎತ್ತಿದಳು. ಆತ ಮುಂದೂಡುತ್ತಲೇ ಬಂದ. ನಾಲ್ಕು ಮಕ್ಕಳಾದವು. ದುಬೈಗೆ ಹೋಗಿ ನೆಲೆಸಿದಾಗ ಅಲ್ಲಿ ಗಂಡಹೆಂಡಿರೆಂದೇ ಬಾಳಿದರು. ಊರು, ಕೇರಿ, ನೆಂಟರು, ಶಾಲೆ ಎಲ್ಲರೂ ಅವರನ್ನು ದಂಪತಿ ಎಂದೇ ಕಂಡರು. 2016ರಲ್ಲಿ ಸಂಸಾರ ಒಡೆಯಿತು. ಆಕೆ ವಿಚ್ಛೇದನದ ಅರ್ಜಿ ಹಾಕಿದಳು. ಅದಕ್ಕೆ ಆತ ಕೊಟ್ಟ ಉತ್ತರ ಒಂದೇ ಸಾಲಿನದು. ನಮ್ಮಿಬ್ಬರಿಗೆ ಕಾನೂನಿನ ಪ್ರಕಾರ ಮದುವೆಯೇ ಆಗಿಲ್ಲ, ಇನ್ನು ವಿಚ್ಛೇದನ ಎಲ್ಲಿಯದು?

ಯಾವ ಸಹಿಯನ್ನು ತಾನೇ ಹದಿನೆಂಟು ವರ್ಷ ಹಾಕದೆ ತಪ್ಪಿಸಿಕೊಂಡನೋ ಆ ಸಹಿ ಇಲ್ಲ ಎಂಬುದೇ ಅವನ ವಾದ. ಇದಕ್ಕಿಂತ ನಾಚಿಕೆಗೇಡಿನ ವಾದವನ್ನು ನಾನು ಓದಿಲ್ಲ.

2018ರ ಜುಲೈನಲ್ಲಿ ಹೈಕೋರ್ಟಿನ ನ್ಯಾಯಮೂರ್ತಿ ವಿಲಿಯಮ್ಸ್ ಆಕೆಯ ಕೈ ಹಿಡಿದರು. ಇದು ಸಿಂಧುವಾದ ಮದುವೆಯಲ್ಲ, ನಿಜ. ಆದರೂ ಇದನ್ನು ಶೂನ್ಯ ವಿವಾಹ ಎಂದು ಪರಿಗಣಿಸಬಹುದು ಎಂದರು. ಶೂನ್ಯ ವಿವಾಹ ಎಂಬುದೂ ಮದುವೆಯೇ ಆಗಿಲ್ಲ ಎಂಬುದೂ ಕನ್ನಡದ ಕಿವಿಗೆ ಒಂದೇ ಎನಿಸಬಹುದು, ಆದರೆ ಇಂಗ್ಲೆಂಡಿನ ಕಾನೂನಿನಲ್ಲಿ ಇವೆರಡರ ನಡುವೆ ಒಂದು ಬದುಕಿನಷ್ಟು ಅಂತರವಿದೆ. 1973ರ ವೈವಾಹಿಕ ಪ್ರಕರಣಗಳ ಕಾಯ್ದೆಯ ಪ್ರಕಾರ, ಮದುವೆ ಶೂನ್ಯ ಎಂದು ಡಿಕ್ರಿ ಸಿಕ್ಕರೂ ಕೋರ್ಟು ವಿಚ್ಛೇದನದಲ್ಲಿ ಮಾಡುವಂತೆಯೇ ಮನೆ, ಆಸ್ತಿ, ಪಿಂಚಣಿ, ಜೀವನಾಂಶಗಳನ್ನು ಹಂಚಿಕೊಡಬಹುದು. ಅಂದರೆ ಶೂನ್ಯ ವಿವಾಹದ ಹೆಂಡತಿಗೂ ಒಂದು ಬಾಗಿಲು ತೆರೆದಿದೆ. ಆದರೆ 2020ರ ಫೆಬ್ರವರಿ 14ರಂದು ಮೇಲ್ಮನವಿ ನ್ಯಾಯಾಲಯ ಆ ಬಾಗಿಲು ಮುಚ್ಚಿತು. ಮೇಲ್ಮನವಿ ಹಾಕಿದ್ದು ಗಂಡನಲ್ಲ, ಸರ್ಕಾರದ ಅಟಾರ್ನಿ ಜನರಲ್. ನೋಟಿಸ್ ಇಲ್ಲ, ಸರ್ಟಿಫಿಕೇಟ್ ಇಲ್ಲ, ರಿಜಿಸ್ಟ್ರಾರ್ ಇಲ್ಲ, ನೋಂದಾಯಿತ ಕಟ್ಟಡ ಅಲ್ಲ. ಹಾಗಿರುವಾಗ ಇದು ಲೋಪವಿರುವ ಮದುವೆಯೂ ಅಲ್ಲ, ಕಾನೂನಿನ ಅರ್ಹತೆಯೇ ಇಲ್ಲದ ಸಮಾರಂಭ ಎಂದಿತು. ಸಮಾರಂಭದ ದಿನ ಅದು ಏನಾಗಿತ್ತೋ ಅಷ್ಟೇ. ಮುಂದೆ ಮಕ್ಕಳಾದರು, ಕಾನೂನಿನ ಮದುವೆ ಮಾಡಿಕೊಳ್ಳುವ ಇರಾದೆ ಇತ್ತು ಎಂಬ ಕಾರಣಕ್ಕೆ ಅದು ಬದಲಾಗುವುದಿಲ್ಲ ಎಂದಿತು.

ಇಂಗ್ಲೆಂಡಿನಲ್ಲಿ ಈಗ ನಿಂತಿರುವ ಕಾನೂನು ಇದು. ಇಂಥ ಸಮಾರಂಭದಿಂದ ಬಂದ ಹೆಣ್ಣು ಬರೀ ಜೊತೆಗಿದ್ದವಳು, ಅಷ್ಟೇ. ಮನೆ ಆತನ ಹೆಸರಿನಲ್ಲಿದ್ದರೆ ಅದು ಆತನದು. ಮದುವೆಯಿಲ್ಲದೆ 19 ವರ್ಷ ಒಬ್ಬನ ಮನೆ ನಡೆಸಿ, ಇಬ್ಬರು ಮಕ್ಕಳನ್ನು ಬೆಳೆಸಿದ ಹೆಂಗಸಿಗೆ ಮನೆಯಲ್ಲಿ ಒಂದು ಪೆನ್ನಿಯ ಪಾಲೂ ಇಲ್ಲವೆಂದು 1984ರಲ್ಲೇ ಮೇಲ್ಮನವಿ ನ್ಯಾಯಾಲಯ ಹೇಳಿದೆ. ಮಕ್ಕಳ ಖರ್ಚಿಗೆ ಕೇಳಬಹುದು. ತನಗಾಗಿ ಜೀವನಾಂಶ ಕೇಳುವಂತಿಲ್ಲ. ಆತ ಉಯಿಲು ಬರೆಯದೆ ಸತ್ತರೆ ಕಾನೂನಿನ ಹೆಂಡತಿಗೆ ಮಕ್ಕಳಿದ್ದರೂ ಮೊದಲ 3,22,000 ಪೌಂಡು ಮತ್ತು ಉಳಿದದ್ದರಲ್ಲಿ ಅರ್ಧ ತಾನಾಗಿಯೇ ಬರುತ್ತದೆ. ಇವಳಿಗೆ ತಾನಾಗಿ ಬರುವುದು ಏನೂ ಇಲ್ಲ. ಆಶ್ರಿತಳಾಗಿದ್ದೆ, ಹೊಟ್ಟೆಗೆ ಬಟ್ಟೆಗೆ ಸಾಕಾಗುವಷ್ಟು ಕೊಡಿಸಿ ಎಂದು ಕೋರ್ಟಿಗೆ ಅಲೆಯಬೇಕು. ಗಂಡಹೆಂಡಿರ ನಡುವೆ ಪಿತ್ರಾರ್ಜಿತ ತೆರಿಗೆ ಇಲ್ಲ. ಇವಳಿಗೆ ಆತ ಉಯಿಲಿನಲ್ಲಿ ಮನೆ ಬರೆದಿಟ್ಟರೂ, ಆಸ್ತಿ ವಿನಾಯಿತಿಯ ಮಿತಿ ದಾಟಿದರೆ ಮೇಲಿನ ಮೊತ್ತಕ್ಕೆ ನೂರಕ್ಕೆ 40ರ ತೆರಿಗೆ ಬೀಳುತ್ತದೆ.

ಇದು ಮುಸ್ಲಿಮರ ತಾಪತ್ರಯ, ನಮಗೇನು ಎಂದು ಓದುತ್ತಿರುವ ಹಿಂದೂ ಮನೆಗಳು ಇದ್ದರೆ, ಅವರಿಗೆ 2001ರ ಲಂಡನ್ ಹೈಕೋರ್ಟಿನ ಒಂದು ತೀರ್ಪನ್ನು ನೆನಪಿಸುತ್ತೇನೆ. ಅಲ್ಲಿ ಮದುವೆ ನಡೆದದ್ದು ಲಂಡನ್ನಿನ ಒಂದು ಭಾರತೀಯ ರೆಸ್ಟೋರೆಂಟಿನಲ್ಲಿ, ಮಾಡಿಸಿದವರು ಬ್ರಾಹ್ಮಣ ಪುರೋಹಿತರು. ಆತ ತೀರಿಕೊಂಡ ಮೇಲೆ ಆ ಹೆಂಗಸು ಆಸ್ತಿಯಲ್ಲಿ ತನಗೂ ಏರ್ಪಾಡು ಬೇಕೆಂದು ಕೇಳಿದಳು. ಅಲ್ಲಿನ 1975ರ ಉತ್ತರಾಧಿಕಾರ ಕಾಯ್ದೆ, ಶೂನ್ಯ ವಿವಾಹವನ್ನು ಒಳ್ಳೆಯ ನಂಬಿಕೆಯಿಂದ ಮಾಡಿಕೊಂಡವಳನ್ನೂ ಹೆಂಡತಿಯ ಸಾಲಿಗೆ ಸೇರಿಸುತ್ತದೆ. ಆದರೆ ನ್ಯಾಯಮೂರ್ತಿ ಪಾರ್ಕ್, ರೆಸ್ಟೋರೆಂಟಿನಲ್ಲಿ ನಡೆದದ್ದು ಶೂನ್ಯ ವಿವಾಹದ ಮಟ್ಟಕ್ಕೂ ಬರುವುದಿಲ್ಲ ಎಂದರು. ಮಂತ್ರ ಸರಿಯಾಗಿತ್ತೇ, ಸಪ್ತಪದಿ ಪೂರ್ತಿಯಾಯಿತೇ ಎಂಬ ಪ್ರಶ್ನೆಗೆ ಅಲ್ಲಿ ಯಾವ ಬೆಲೆಯೂ ಇರಲಿಲ್ಲ. ಆಕೆಯ ನಂಬಿಕೆಗೂ ಇರಲಿಲ್ಲ.

ನಮ್ಮವರು ಈ ವಿಷಯದಲ್ಲಿ ಎಡವುವುದಕ್ಕೆ ಒಂದು ಕಾರಣ ನಮ್ಮ ನೆಲದ ಕಾನೂನೇ. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಮಿನಂತೆ ಮದುವೆಯನ್ನು ಮದುವೆ ಮಾಡುವುದು ಶಾಸ್ತ್ರ. ನೋಂದಣಿ ಆಗದಿದ್ದರೂ ಮದುವೆಗೆ ಧಕ್ಕೆಯಿಲ್ಲ ಎಂದು 8ನೇ ಕಲಮು ಬಾಯಿಬಿಟ್ಟು ಹೇಳುತ್ತದೆ. ಕರ್ನಾಟಕದಲ್ಲಿ 1976ರಿಂದಲೂ ನೋಂದಣಿಗೆ ಪ್ರತ್ಯೇಕ ಕಾಯ್ದೆ ಇದೆ, ಆದರೂ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗುವುದನ್ನು ಪಾಸ್‌ಪೋರ್ಟ್ ಅಥವಾ ವೀಸಾ ಬೇಕಾದಾಗಿನ ಕೆಲಸ ಎಂದೇ ತಿಳಿದವರು ಬಹಳ. 2024ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಮತ್ತೊಂದು ದಿಕ್ಕಿನಿಂದ ಹೇಳಿತು: ಶಾಸ್ತ್ರವೇ ನಡೆಯದೆ ಬರೀ ಸರ್ಟಿಫಿಕೇಟ್ ಪಡೆದರೆ ಅದು ಹಿಂದೂ ಮದುವೆಯಲ್ಲ. ಭಾರತದಲ್ಲಿ ಶಾಸ್ತ್ರವಿಲ್ಲದ ಕಾಗದಕ್ಕೆ ಬೆಲೆಯಿಲ್ಲ. ಇಂಗ್ಲೆಂಡಿನಲ್ಲಿ ಕಾಗದವಿಲ್ಲದ ಶಾಸ್ತ್ರಕ್ಕೆ ಬೆಲೆಯಿಲ್ಲ. ವಿಮಾನ ಹತ್ತಿ ಹೋದವರು ಊರಿನ ಕಾನೂನನ್ನೂ ಸೂಟ್‌ಕೇಸಿನಲ್ಲಿ ಕಟ್ಟಿಕೊಂಡು ಹೋದೆವೆಂದು ಭಾವಿಸಿದರೆ ತಪ್ಪು ಅವರದೇ.

ಮದುವೆಯ ವಿಧಿ ಸರಿಯೋ ತಪ್ಪೋ ಎಂಬುದನ್ನು ತೀರ್ಮಾನಿಸುವುದು ಮದುವೆ ನಡೆದ ನೆಲದ ಕಾನೂನು. ಹಾಗಾಗಿ ಅದೇ ಪುರೋಹಿತರು, ಅದೇ ಮಂತ್ರ, ಅದೇ ತಾಳಿ, ಅದೇ ಗಂಡುಹೆಣ್ಣು ಮೈಸೂರಿನ ಛತ್ರದಲ್ಲಿ ಮದುವೆಯಾಗಿದ್ದರೆ ಇಂಗ್ಲೆಂಡಿನ ಕೋರ್ಟು ಆ ಮದುವೆಗೆ ತಲೆಬಾಗುತ್ತದೆ. ಬರ್ಮಿಂಗ್‌ಹ್ಯಾಮಿನ ಹಾಲಿನಲ್ಲಿ ಆಗಿದ್ದರೆ ತಿರುಗಿಯೂ ನೋಡುವುದಿಲ್ಲ. ಮಗಳ ಮದುವೆಯನ್ನು ಊರಿನಲ್ಲಿ ಮಾಡೋಣವೋ ಅಲ್ಲೇ ಮಾಡೋಣವೋ ಎಂದು ಖರ್ಚಿನ ಲೆಕ್ಕ, ರಜೆಯ ಲೆಕ್ಕ ಹಾಕುವ ಅಪ್ಪಅಮ್ಮಂದಿರು ಈ ಲೆಕ್ಕವನ್ನು ಏಕೆ ಹಾಕುವುದಿಲ್ಲ?

ತಮ್ಮ ದೇಶದ ರಾಯಭಾರ ಕಚೇರಿಯಲ್ಲಿ ಮದುವೆಯಾದರೆ ಅದು ತಮ್ಮ ದೇಶದಲ್ಲೇ ಆದಂತೆ ಎಂಬ ಇನ್ನೊಂದು ನಂಬಿಕೆ ಚಾಲ್ತಿಯಲ್ಲಿದೆ. 2002ರಲ್ಲಿ ಲಂಡನ್ನಿನ ಮೊರಾಕೋ ಕಾನ್ಸುಲೇಟಿನಲ್ಲಿ ಮದುವೆಯಾದ ಒಂದು ಜೋಡಿ ಹಾಗೆಯೇ ನಂಬಿತ್ತು. ಮೊರಾಕೋದ ಮಟ್ಟಿಗೆ ಆ ಮದುವೆ ಸರಿಯಾದದ್ದೇ. 2012ರಲ್ಲಿ ನ್ಯಾಯಮೂರ್ತಿ ಹಾಲ್ಮನ್, ಕಾನ್ಸುಲೇಟ್ ಇರುವುದು ಇಂಗ್ಲೆಂಡಿನ ನೆಲದಲ್ಲಿ, ಇಲ್ಲಿನ ವಿಧಿ ಪಾಲಿಸಿಲ್ಲ, ಆದ್ದರಿಂದ ಇದು ಮದುವೆಯೇ ಅಲ್ಲ ಎಂದರು. ಇಬ್ಬರೂ ಪ್ರಾಮಾಣಿಕವಾಗಿ ನಂಬಿದ್ದರು ಎಂಬುದು ಕೋರ್ಟಿಗೂ ಒಪ್ಪಿಗೆಯಿತ್ತು. ನಂಬಿಕೆಯಿಂದ ಮಾತ್ರ ಏನೂ ಗಿಟ್ಟಲಿಲ್ಲ.

ಇಷ್ಟು ಕೇಳಿದವರು ಇಂಗ್ಲೆಂಡಿನ ಕಾನೂನು ಅಕ್ಷರಕ್ಕೆ ಅಂಟಿಕೊಂಡ ಕಲ್ಲೆದೆಯದು ಎಂದುಕೊಳ್ಳಬಹುದು. ಆ ನೆಪಕ್ಕೂ ಆಸ್ಪದವಿಲ್ಲ. ಅದರ ಹೊಸ್ತಿಲೊಳಗೆ ಒಮ್ಮೆ ಕಾಲಿಟ್ಟವರ ತಪ್ಪುಗಳನ್ನು ಆ ಕಾನೂನು ಕ್ಷಮಿಸುವಷ್ಟು ಬೇರೆ ಯಾವುದೂ ಕ್ಷಮಿಸಲಾರದು. 1949ರ ವಿವಾಹ ಕಾಯ್ದೆ ಹೇಳುವುದು, ವಿಧಿಗಳನ್ನು ಇಬ್ಬರೂ ತಿಳಿದೂ ತಿಳಿದೂ ಬೇಕೆಂದೇ ಮುರಿದಿದ್ದರೆ ಮಾತ್ರ ಮದುವೆ ಶೂನ್ಯ. ನೋಟಿಸಿನಲ್ಲಿ ವಿಳಾಸ ತಪ್ಪಿತ್ತು, ವಾಸದ ದಿನಗಳು ಕಡಿಮೆ ಬಿದ್ದವು ಎಂಬಂಥ ಲೋಪಗಳಿಂದ ಮದುವೆ ಬೀಳುವುದಿಲ್ಲ. ಪಶ್ಚಿಮ ಜರ್ಮನಿಯ ಪೊಲೀಸರು ಹುಡುಕುತ್ತಿದ್ದ ಆಸ್ಟ್ರಿಡ್ ಪ್ರೋಲ್ 1975ರಲ್ಲಿ ಲಂಡನ್ನಿನಲ್ಲಿ ಸುಳ್ಳು ಹೆಸರು ಕೊಟ್ಟು, ರಿಜಿಸ್ಟರ್ ಆಫೀಸಿನಲ್ಲಿ ಮದುವೆಯಾದಳು. ಸಿಕ್ಕಿಬಿದ್ದ ಮೇಲೆ ಬ್ರಿಟಿಷ್ ಗಂಡನ ಹೆಂಡತಿ ಎಂದು ಘೋಷಿಸಿ ಎಂದು ಕೋರ್ಟಿಗೆ ಹೋದಳು. 1979ರಲ್ಲಿ ಕೋರ್ಟು ಆಕೆಯ ವಂಚನೆಗಾಗಿ ಘೋಷಣೆ ಕೊಡಲು ನಿರಾಕರಿಸಿತು, ಆದರೆ ಮದುವೆ ಮಾತ್ರ ಸಿಂಧು ಎಂದಿತು. ಸುಳ್ಳು ಹೆಸರಿನ ಮದುವೆ ನಿಂತಿತು. ಸೌತ್‌ಹಾಲ್‌ನಲ್ಲಿ ನಿಜ ಹೆಸರಿನಲ್ಲಿ, ನೂರೈವತ್ತು ಜನರೆದುರು ಆದ ಮದುವೆ ನಿಲ್ಲಲಿಲ್ಲ. ಎರಡರ ನಡುವಿನ ವ್ಯತ್ಯಾಸ ಆ ಕಚೇರಿಯ ಹೊಸ್ತಿಲು.

2012ರ ಇನ್ನೊಂದು ತೀರ್ಪು ಇದನ್ನೇ ಸಾರುತ್ತದೆ. ಉತ್ತರ ಇಂಗ್ಲೆಂಡಿನ ಮಸೀದಿಯೊಂದರಲ್ಲಿ ಒಂದು ನಿಖಾ ನಡೆದಿತ್ತು. ಆ ಮಸೀದಿ ಮದುವೆಗೆಂದೇ ನೋಂದಣಿಯಾಗಿದ್ದ ಕಟ್ಟಡ, ಅಲ್ಲಿ ಅಧಿಕಾರವುಳ್ಳ ವ್ಯಕ್ತಿಯೂ ಹಾಜರಿದ್ದ. ನೋಟಿಸ್ ಮಾತ್ರ ಕೊಟ್ಟಿರಲಿಲ್ಲ, ಕೊಡಬೇಕೆಂದು ಜೋಡಿಗೆ ತಿಳಿದಿರಲಿಲ್ಲ. ನ್ಯಾಯಮೂರ್ತಿ ಮೊಯ್ಲನ್ ಆ ಮದುವೆ ಸಿಂಧು ಎಂದರು. ಎಂಟು ವರ್ಷದ ಬಳಿಕ ಸೌತ್‌ಹಾಲ್ ಪ್ರಕರಣದ ಮೇಲ್ಮನವಿ ಪೀಠದಲ್ಲಿ ಕೂತವರಲ್ಲಿ ಅವರೂ ಒಬ್ಬರು.

ತಡ ಮಾಡುವವರು ಸಮಾಧಾನಕ್ಕೆಂದು ಹಿಡಿದುಕೊಳ್ಳುವ ಒಂದು ಪ್ರಕರಣವಿದೆ. 1956ರಲ್ಲಿ 19 ವರ್ಷದ ಹುಡುಗ, 16 ವರ್ಷದ ಹುಡುಗಿ ಲಂಡನ್ನಿನ ಗುರುದ್ವಾರದಲ್ಲಿ ಮದುವೆಯಾದರು. ಆ ಗುರುದ್ವಾರಕ್ಕೆ ಮದುವೆಯ ನೋಂದಣಿ ಇರಲಿಲ್ಲ. 37 ವರ್ಷ ಸಂಸಾರ ಮಾಡಿದರು. ಆತ ಕೊನೆಯವರೆಗೂ ವಿವಾಹಿತನೆಂದೇ ತೆರಿಗೆ, ವಿಮೆ ಕಟ್ಟಿದ. 1994ರಲ್ಲಿ ತೀರಿಕೊಂಡ. ವಿಧವಾ ಪಿಂಚಣಿ ಕೇಳಿದ ಹೆಂಗಸಿಗೆ ಇಲಾಖೆ, ನಿನಗೆ ಮದುವೆಯೇ ಆಗಿಲ್ಲ ಎಂದಿತು. ಮೇಲ್ಮನವಿ ನ್ಯಾಯಾಲಯ ಅವಳ ಪರ ನಿಂತಿತು. ಇಷ್ಟು ದೀರ್ಘಕಾಲ ಗಂಡಹೆಂಡಿರಾಗಿ ಬಾಳಿದವರನ್ನು ವಿವಾಹಿತರೆಂದೇ ಊಹಿಸಬೇಕು ಎಂಬ ಹಳೆಯ ನಿಯಮ ಆಕೆಯನ್ನು ಕಾಪಾಡಿತು. ಆದರೆ ಆಕೆ ಗಂಡನ ಸಾವಿನ ದುಃಖದ ಜೊತೆಗೆ ತಾನು ಹೆಂಡತಿ ಎಂದು ಸಾಬೀತು ಮಾಡಲು ವರ್ಷಗಟ್ಟಲೆ ಸರ್ಕಾರದ ಎದುರು ಕಾದಾಡಬೇಕಾಯಿತು ಎಂಬುದನ್ನು ಈ ಪ್ರಕರಣ ಉದಾಹರಿಸುವವರು ಹೇಳುವುದಿಲ್ಲ. ಆ ಊಹೆಯೂ ಸಾಕ್ಷ್ಯದ ಎದುರು ಕರಗುವಂಥದ್ದು. ಯಾವ ದಿನ, ಯಾವ ರೆಸ್ಟೋರೆಂಟಿನಲ್ಲಿ, ಏನು ನಡೆಯಿತು, ಏನು ನಡೆಯಲಿಲ್ಲ ಎಂದು ವಿಡಿಯೋ ಸಮೇತ ಎಲ್ಲರಿಗೂ ಗೊತ್ತಿರುವಾಗ ಊಹಿಸಲು ಉಳಿಯುವುದೇನು? ಸೌತ್‌ಹಾಲ್ ಪ್ರಕರಣದಲ್ಲೂ ಈ ವಾದ ಹೂಡಿ ನೋಡಿದರು, ನಿಲ್ಲಲಿಲ್ಲ.

ಇಷ್ಟೆಲ್ಲ ಅನಾಹುತ ತಪ್ಪಿಸಲು ಮಾಡಬೇಕಾದ ಕೆಲಸ ಎಷ್ಟು ಸಣ್ಣದು ಎಂಬುದನ್ನು ಹತ್ತಿರದಿಂದ ನೋಡಿದರೆ ಸಿಟ್ಟು ಇನ್ನೂ ಹೆಚ್ಚುತ್ತದೆ. ಗಂಡು ಹೆಣ್ಣು ತಾವು ಕನಿಷ್ಠ 7 ದಿನ ವಾಸವಾಗಿರುವ ಪ್ರದೇಶದ ರಿಜಿಸ್ಟರ್ ಆಫೀಸಿಗೆ ಸಮಯ ಗೊತ್ತು ಮಾಡಿಕೊಂಡು ಖುದ್ದಾಗಿ ಹೋಗಬೇಕು. ಪಾಸ್‌ಪೋರ್ಟ್, ವಿಳಾಸದ ಪುರಾವೆ, ಹಿಂದೆ ಮದುವೆಯಾಗಿದ್ದರೆ ಅದು ಮುಗಿದ ದಾಖಲೆ ಒಯ್ಯಬೇಕು. ಅಧಿಕಾರಿ ಮೇಜಿನಾಚೆ ಕೂತು ಹೆಸರು, ವಯಸ್ಸು, ಕಸುಬು, ಮದುವೆಯ ಜಾಗ ಕೇಳಿ ಬರೆದುಕೊಳ್ಳುತ್ತಾರೆ. ಆ ನೋಟಿಸ್ 28 ದಿನ ಸಾರ್ವಜನಿಕರು ನೋಡುವಂತೆ ಪ್ರಕಟವಾಗುತ್ತದೆ. ವೀಸಾ ಮೇಲಿರುವವರ ವಿಷಯದಲ್ಲಿ ಗೃಹ ಇಲಾಖೆ ಬೇಕೆಂದರೆ ಅದನ್ನು 70 ದಿನಕ್ಕೆ ಎಳೆಯಬಹುದು. ಒಮ್ಮೆ ಕೊಟ್ಟ ನೋಟಿಸ್ 12 ತಿಂಗಳು ಬಾಳುತ್ತದೆ. ಆಮೇಲೆ ಇಬ್ಬರು ಸಾಕ್ಷಿಗಳ ಎದುರು, ನಮ್ಮಿಬ್ಬರ ಮದುವೆಗೆ ಕಾನೂನಿನ ಅಡ್ಡಿಯಿಲ್ಲ, ನಿನ್ನನ್ನು ಸ್ವೀಕರಿಸುತ್ತೇನೆ ಎಂಬ ಎರಡು ಮಾತು. 2021ರ ಮೇ ತಿಂಗಳಿಂದ ದಪ್ಪ ರಿಜಿಸ್ಟರ್ ಪುಸ್ತಕವೂ ಹೋಗಿದೆ. ಒಂದು ಹಾಳೆಗೆ ಸಹಿ ಬೀಳುತ್ತದೆ, ಮದುವೆ ಕಂಪ್ಯೂಟರಿನ ದಾಖಲೆಗೆ ಸೇರುತ್ತದೆ, ಆ ದಾಖಲೆಯಲ್ಲಿ ಈಗ ತಾಯಿಯ ಹೆಸರಿಗೂ ಜಾಗವಿದೆ. ಮದುವೆಯ ಹೂವಿನ ಅಲಂಕಾರಕ್ಕೆ ಸುರಿಯುವ ದುಡ್ಡಿನ ಮೂಲೆಯಲ್ಲಿ ಇಷ್ಟೂ ಮುಗಿಯುತ್ತದೆ.

ಹಾಗಿದ್ದರೂ ನೆಪಗಳಿಗೆ ಬರವಿಲ್ಲ. ನಾವು ಹಿಡಿದ ಹೋಟೆಲಿಗೆ ಮದುವೆಯ ಲೈಸೆನ್ಸ್ ಇದೆ ಎನ್ನುತ್ತಾರೆ. 1994ರ ಕಾಯ್ದೆಯಿಂದ ಹೋಟೆಲುಗಳಿಗೆ ಅಂಥ ಅನುಮತಿ ಸಿಗುತ್ತಿರುವುದು ನಿಜ. ಆದರೆ ನೋಟಿಸ್ ಕೊಟ್ಟು, ರಿಜಿಸ್ಟ್ರಾರ್ ಬಂದು ನಿಂತು ಮಾಡಿಸುವ ಮದುವೆಗೆ ಮಾತ್ರ ಆ ಲೈಸೆನ್ಸ್ ಅನ್ವಯ. ಅದೇ ಹಾಲಿನಲ್ಲಿ ರಿಜಿಸ್ಟ್ರಾರ್ ಇಲ್ಲದೆ ನಡೆದ ಹೋಮಕ್ಕೆ ಗೋಡೆಯ ಮೇಲಿನ ಲೈಸೆನ್ಸಿನಿಂದ ಯಾವ ಬಲವೂ ಬಾರದು. ಮುಹೂರ್ತಕ್ಕೂ ಕಚೇರಿಯ ಸಮಯಕ್ಕೂ ಹೊಂದಾಣಿಕೆ ಆಗುವುದಿಲ್ಲ ಎನ್ನುತ್ತಾರೆ. ಯಾರು ಹೊಂದಿಸಲು ಹೇಳಿದರು? ಹಿಂದಿನ ವಾರವೇ ರಿಜಿಸ್ಟರ್ ಆಫೀಸಿನಲ್ಲಿ ಸಹಿ ಹಾಕಿ ಬನ್ನಿ. ಕಾನೂನಿನ ಮದುವೆಯ ಬಳಿಕ ನಿಮ್ಮ ನಿಮ್ಮ ಧರ್ಮದ ವಿಧಿ ಮಾಡಿಕೊಳ್ಳಬಹುದು ಎಂದು 1949ರ ಕಾಯ್ದೆಯ 46ನೇ ಕಲಮಿನಲ್ಲೇ ಇದೆ. ಕಚೇರಿಯ ಸಹಿ ಮೊದಲಾದರೆ ಧಾರೆಯ ಪಾವಿತ್ರ್ಯ ಹೋಗುತ್ತದೆ ಎನ್ನುವ ಹಿರಿಯರಿಗೆ ನಾನು ಕೇಳುವುದು ಇಷ್ಟೇ: ಮಗಳು ನಾಳೆ ಬೀದಿಗೆ ಬಿದ್ದರೆ ಆ ಪಾವಿತ್ರ್ಯ ಅವಳ ಬಾಡಿಗೆ ಕಟ್ಟುತ್ತದೆಯೇ?

ಪುರೋಹಿತರೂ ಇಮಾಮರೂ ಇಲ್ಲಿ ನುಣುಚಿಕೊಳ್ಳುವಂತಿಲ್ಲ. ವಿಧಿ ಮೀರಿ ಮದುವೆ ಮಾಡಿಸುವುದು ಇಂಗ್ಲೆಂಡಿನಲ್ಲಿ ಅಪರಾಧ. ಆದರೆ 1960ರ ದಶಕದ ಒಂದು ಮೇಲ್ಮನವಿಯಲ್ಲಿ, ಖಾಸಗಿ ಮನೆಯಲ್ಲಿ ನಿಖಾ ಮಾಡಿಸಿದಾತನನ್ನು ಕೋರ್ಟು ಬಿಡುಗಡೆ ಮಾಡಿತು. ಅದು ಇಂಗ್ಲೆಂಡಿನ ಕಾನೂನು ಒಪ್ಪುವ ಬಗೆಯ ಮದುವೆಯೇ ಅಲ್ಲದ್ದರಿಂದ ಅಪರಾಧವೂ ಅಲ್ಲ ಎಂಬುದು ಕಾರಣ. ಅಂದಿನಿಂದ ಮಾಡಿಸಿದವರು ಕೈ ತೊಳೆದುಕೊಂಡು ಸುರಕ್ಷಿತರಾಗಿ ಮನೆಗೆ ಹೋಗುತ್ತಾರೆ, ಮಾಡಿಕೊಂಡ ಹೆಣ್ಣು ಮಾತ್ರ ಬಯಲಲ್ಲಿ ನಿಲ್ಲುತ್ತಾಳೆ. 1990ರ ದಶಕದ ಒಂದು ಪ್ರಕರಣದಲ್ಲಿ ಕಾಪ್ಟಿಕ್ ಚರ್ಚಿನ ಪಾದ್ರಿ ಕಾನೂನಿನ ಮದುವೆಯನ್ನೂ ಮಾಡಿಕೊಳ್ಳಿ ಎಂದು ಜೋಡಿಗೆ ಹೇಳಿದ್ದರು. ಅವರು ಮಾಡಿಕೊಳ್ಳಲಿಲ್ಲ. ಬರೀ ಹೇಳುವುದು ಸಾಲದು ಎಂಬುದಕ್ಕೆ ಅದೇ ಸಾಕ್ಷಿ. ದಕ್ಷಿಣೆ ಎಣಿಸಿಕೊಳ್ಳುವ ಮುನ್ನ, ಜಾತಕ ನೋಡುವಷ್ಟೇ ಕಟ್ಟುನಿಟ್ಟಾಗಿ ಮದುವೆಯ ಸರ್ಟಿಫಿಕೇಟ್ ನೋಡಬೇಕು. ಇಲ್ಲದಿದ್ದರೆ ಮಂತ್ರ ಹೇಳಲು ಒಪ್ಪಬಾರದು. ಶರಿಯಾ ಮಂಡಳಿಗಳ ಕುರಿತು ಪ್ರಾಧ್ಯಾಪಕಿ ಮೋನಾ ಸಿದ್ದೀಕಿ ಅವರ ನೇತೃತ್ವದ ಸಮಿತಿ 2018ರಲ್ಲೇ ಇಂಥ ನಿಯಮವನ್ನು ಶಿಫಾರಸು ಮಾಡಿತ್ತು: ನಿಖಾಕ್ಕೆ ಮೊದಲು ಅಥವಾ ಅದರ ಜೊತೆಗೇ ಕಾನೂನಿನ ಮದುವೆ ಆಗಲಿ, ತಪ್ಪಿದರೆ ಮಾಡಿಸಿದವರು ಹೊಣೆಯಾಗಲಿ ಎಂದು. ಅದರ ಹಿಂದಿನ ವರ್ಷ ಚಾನೆಲ್ 4 ವಾಹಿನಿಗಾಗಿ ಸುಮಾರು 900 ಮುಸ್ಲಿಂ ಮಹಿಳೆಯರನ್ನು ಮಾತಾಡಿಸಿದ ಸಮೀಕ್ಷೆಯಲ್ಲಿ, ಬ್ರಿಟನ್ನಿನಲ್ಲಿ ನಿಖಾ ಆದವರ ಪೈಕಿ ಹತ್ತರಲ್ಲಿ ಆರು ಮಂದಿಗೆ ಕಾನೂನಿನ ಮದುವೆ ಆಗಿರಲಿಲ್ಲ.

ಇನ್ನು ಗಂಡಸರು. ಮರೆತು ಬಿಟ್ಟವರು ಕೆಲವರಿರಬಹುದು. ಮನೆ ಸಾಲ ತೀರಲಿ, ವೀಸಾ ಆಗಲಿ, ಮಗು ಆಗಲಿ ಎಂದು ವರ್ಷದಿಂದ ವರ್ಷಕ್ಕೆ ದೂಡುವವರಲ್ಲಿ ಒಬ್ಬರಿಗಾದರೂ, ಸಹಿ ಹಾಕಿದರೆ ಆಸ್ತಿಯಲ್ಲಿ ಪಾಲು ಕೇಳುವ ಹಕ್ಕು ಹೆಂಡತಿಗೆ ಬರುತ್ತದೆ ಎಂದು ಗೊತ್ತಿಲ್ಲವೆಂದರೆ ನಾನು ನಂಬುವುದಿಲ್ಲ. ಊಟ ಬಡಿಸುವಾಗ, ತನ್ನ ತಾಯಿಯ ಆರೈಕೆ ಮಾಡುವಾಗ ಅವಳು ಹೆಂಡತಿ. ಪಾಲು ಕೊಡುವ ದಿನ ಯಾರೋ ಜೊತೆಗಿದ್ದವಳು. ಇದು ಮೋಸ. ಮೋಸಕ್ಕೆ ಕಾನೂನಿನ ಹೊದಿಕೆ ಸಿಕ್ಕಿದ ಮಾತ್ರಕ್ಕೆ ಅದು ಮೋಸವಲ್ಲದೆ ಹೋಗುವುದಿಲ್ಲ.

ಅಲ್ಲಿನ ಸರ್ಕಾರದ ಅಸಡ್ಡೆಯೂ ಕಡಿಮೆಯದಲ್ಲ. ಫ್ಲೀಟ್ ಜೈಲಿನ ಆಸುಪಾಸಿನಲ್ಲಿ ಪಾದ್ರಿಗಳು ದುಡ್ಡಿಗೆ ಕದ್ದುಮುಚ್ಚಿ ಮಾಡಿಸುತ್ತಿದ್ದ ಮದುವೆಗಳನ್ನು ನಿಲ್ಲಿಸಲು 1753ರಲ್ಲಿ ಲಾರ್ಡ್ ಹಾರ್ಡ್‌ವಿಕ್ ತಂದ ಕಾಯ್ದೆ, ಯೆಹೂದಿಗಳು ಮತ್ತು ಕ್ವೇಕರರನ್ನು ಬಿಟ್ಟು ಉಳಿದವರೆಲ್ಲ ಆಂಗ್ಲಿಕನ್ ಚರ್ಚಿಗೇ ಬರಬೇಕು ಎಂದಿತು. 1836ರಲ್ಲಿ ಉಳಿದ ಪಂಥದವರಿಗೂ ನೋಂದಾಯಿತ ಕಟ್ಟಡಗಳಲ್ಲಿ ಅವಕಾಶವಾಯಿತು. ಕಟ್ಟಡವನ್ನೇ ಹಿಡಿದು ಕೂರುವ ಆ ಹಳೆಯ ಚೌಕಟ್ಟು ಇಂದಿಗೂ ಕದಲಿಲ್ಲ. ಪಕ್ಕದ ಸ್ಕಾಟ್ಲೆಂಡ್ 1977ರ ಕಾಯ್ದೆಯಲ್ಲಿ ಕಟ್ಟಡ ಬಿಟ್ಟು, ಮದುವೆ ಮಾಡಿಸುವ ವ್ಯಕ್ತಿಗೆ ಅಧಿಕಾರ ಕೊಟ್ಟಿತು. ಇಂಗ್ಲೆಂಡಿನ ಕಾನೂನು ಆಯೋಗ 2022ರ ಜುಲೈನಲ್ಲಿ 57 ಶಿಫಾರಸುಗಳ ವರದಿ ಕೊಟ್ಟು ಇಂಥದೇ ದಾರಿ ತೋರಿಸಿತು. ಆ ಶಿಫಾರಸುಗಳು ಇನ್ನೂ ಕಾಯ್ದೆಯಾಗಿಲ್ಲ. ಮನಸ್ಸಿದ್ದರೆ ಧಾರ್ಮಿಕ ವಿಧಿಯೂ ಆ ಸಂಸತ್ತಿಗೆ ಕಾಣುತ್ತದೆ: 2023ರ ಫೆಬ್ರವರಿಯಿಂದ 18 ತುಂಬದವರಿಗೆ ಮದುವೆ ಮಾಡಿಸುವುದು ಅಪರಾಧ, ಕಾನೂನಿನ ಮಾನ್ಯತೆಯಿಲ್ಲದ ಧಾರ್ಮಿಕ ಮದುವೆಯಾದರೂ ಸರಿ. ಶಿಕ್ಷೆ ಕೊಡಲು ಕಾಣುವ ವಿಧಿ ರಕ್ಷಣೆ ಕೊಡಲು ಕಾಣುವುದಿಲ್ಲ ಎಂದರೆ ಅದನ್ನು ಸರಿಪಡಿಸಬೇಕಾದವರು ಆ ಸಂಸತ್ತಿನವರೇ. ಅವರು ಯಾವಾಗ ಸರಿಪಡಿಸುತ್ತಾರೋ ಎಂದು ಮಗಳ ಬದುಕನ್ನು ಪಣಕ್ಕಿಡುವುದು ತಂದೆತಾಯಿಯ ಕೆಲಸವಲ್ಲ.

ಒಟ್ಟಿಗಿದ್ದರೆ ಸಾಕು, ಕೆಲವು ವರ್ಷ ಕಳೆದ ಮೇಲೆ ಕಾನೂನೇ ಗಂಡಹೆಂಡಿರೆಂದು ಒಪ್ಪುತ್ತದೆ ಎಂಬ ಮಾತನ್ನು ಅಲ್ಲಿ ಹುಟ್ಟಿ ಬೆಳೆದವರೂ ನಂಬುತ್ತಾರೆ. 2018ರ ಬ್ರಿಟಿಷ್ ಸಾಮಾಜಿಕ ಮನೋಭಾವ ಸಮೀಕ್ಷೆಯಲ್ಲಿ ನೂರಕ್ಕೆ 46 ಮಂದಿ ಹಾಗೆ ತಿಳಿದಿದ್ದರು. ಅಂಥ ಕಾನೂನು ಇಂಗ್ಲೆಂಡಿನಲ್ಲಿ ಇಲ್ಲ. ಪಕ್ಕದ ಮನೆಯ ಇಂಗ್ಲಿಷ್ ಹೆಂಗಸು ಹೇಳಿದಳೆಂದು ನಿಶ್ಚಿಂತರಾಗಬೇಡಿ.

ಈಗಾಗಲೇ ಶಾಸ್ತ್ರ ಮಾತ್ರ ಆಗಿ ಐದೋ ಹದಿನೈದೋ ವರ್ಷ ಸಂಸಾರ ಮಾಡಿರುವವರಿಗೆ ಹೇಳುವುದಿಷ್ಟು. ಇಂದು ರಿಜಿಸ್ಟರ್ ಆಫೀಸಿಗೆ ಹೋಗಿ ನೋಟಿಸ್ ಕೊಡುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಮಕ್ಕಳಿದ್ದಾರೆ, ಜನ ಏನೆಂದುಕೊಂಡಾರು ಎಂದು ಸಂಕೋಚಪಡಬೇಡಿ; ಸಾಕ್ಷಿಗೆ ಬೇಕಾದವರು ಇಬ್ಬರೇ. ಆ ಮದುವೆ ಸಹಿ ಬಿದ್ದ ದಿನದಿಂದ ಲೆಕ್ಕಕ್ಕೆ ಬರುತ್ತದೆಯೇ ಹೊರತು ತಾಳಿ ಕಟ್ಟಿದ ದಿನದಿಂದಲ್ಲ, ಆದ್ದರಿಂದ ತಡ ಮಾಡಿದಷ್ಟೂ ಕಳೆದುಕೊಳ್ಳುವವರು ನೀವೇ. ಆತ ಈ ಸಲವೂ ಆಮೇಲೆ ನೋಡೋಣ ಎಂದರೆ, ಮನೆಯ ಪತ್ರದಲ್ಲಿ ನಿಮ್ಮ ಹೆಸರಿದೆಯೇ, ಆತನ ಉಯಿಲಿನಲ್ಲಿ ನೀವಿದ್ದೀರಾ, ಪಿಂಚಣಿಗೆ ನಾಮನಿರ್ದೇಶನ ಯಾರದು ಎಂದು ಕೇಳಿ, ಮತ್ತು ಈ ವಾರವೇ ಒಬ್ಬ ಸಾಲಿಸಿಟರನ್ನು ಕಂಡು ಬನ್ನಿ.